ಉಸ್ತುವಾರಿ ಸಮಿತಿಯ ಮೊದಲ ಸಭೆ

ಎಲ್ಲರ ಮುಂದೆ ಹೆಸರು ಹಿಡಿದು ಕರೆದುಬಿಟ್ಟರೆ ಏನು ಮಾಡುವುದು ಎಂಬ ಅಂಜಿಕೆಯೊಂದೇ ಬೆಳಗಿನಿಂದ ಪದ್ಮಜಾಳ ಎದೆಯಲ್ಲಿ ಕೂತಿತ್ತು. ದಿನಚರಿ ತೆರೆದರೆ ಹಾಳೆ ಸಾಲದಷ್ಟು ಮಾತು. ನಾಲ್ಕು ಮಂದಿ ತಿರುಗಿ ನೋಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅಂಥವಳನ್ನು ತ್ರ್ಯಂಬಕರಾಯರು, “ಡಿಗ್ರಿ ಮುಗಿಸಿ ಮನ್ಯಾಗ ಕೂತು ಏನ ಮಾಡ್ತಿ?” ಎಂದು, ರಿಮಾಂಡ್ ಹೋಮಿನ ಹುಡುಗರ ಯೋಗಕ್ಷೇಮ ನೋಡುವ ಹೊಸ ಉಸ್ತುವಾರಿ ಸಮಿತಿಗೆ ಸದಸ್ಯೆ ಮಾಡಿದ್ದರು. ರಾಯರು ಹಳೆಯ ವಕೀಲರು, ಅಪ್ಪನ ಗೆಳೆಯರು, ಈಗ ಸಮಿತಿಯ ಅಧ್ಯಕ್ಷರು.

ಸವದತ್ತಿಯ ಸಭಾಭವನದ ಮೆಟ್ಟಿಲ ಮೇಲೆ ಮೆಹರುನಬಿ ದಾರಿ ಕಾಯುತ್ತ ಕೂತಿದ್ದಳು. ಸಮಿತಿಯ ಮುಂದೆ ಬಂದ ಮೊದಲ ದೂರು ಅವಳದೇ. ಬೈಕು ಕದ್ದ ಆರೋಪದ ಮೇಲೆ ಹೋಮ್ ಸೇರಿದ ಅವಳ ಮಗ ಅಲ್ತಮಶನ ಮುಂಗೈ ಅಲ್ಲಿದ್ದಾಗಲೇ ಮುರಿದಿತ್ತು. ಯಾರೋ ಬಡಿದಿದ್ದಾರೆ ಎಂಬುದು ತಾಯಿಯ ಸಂಶಯ.

“ಬಾಯಾರ, ನೀವು ಹೋಗಿ ಮಾತಾಡಿಸಿ ಬಂದ್ರಂತಲ್ರಿ. ಏನಂದ್ರೀ ಅಂವಾ? ನನ್ನ ಮುಂದ ತುಟೀನ ಬಿಚ್ಚವಲ್ಲ.”

“ಒಳಗ ಹೇಳ್ತಾರ್ರಿ,” ಎಂದು ಪದ್ಮಜಾ ತಲೆ ತಗ್ಗಿಸಿ ದಾಟಿ ಹೋದಳು. ಹೇಳಬೇಕಾದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಹೋಮಿಗೆ ಹೋದ ದಿನ ರಾಯರು ಆಫೀಸಿನಲ್ಲಿ ಚಹಾ ಕುಡಿಯುತ್ತ ಉಳಿದಿದ್ದರು. ಹುಡುಗನ ಕೋಣೆಗೆ ಹೋದವಳು ಅವಳು, ಜೊತೆಗೆ ಬಂದವನು ಹೋಮಿನ ಸೂಪರಿಂಟೆಂಡೆಂಟ್ ಬಸವಲಿಂಗ. ಮೂರನೆಯವರಿರಲಿಲ್ಲ.

ಸಭೆ ಸನ್ಮಾನದಿಂದ ಸುರುವಾಯಿತು. ಬಸವಲಿಂಗ ಅಧ್ಯಕ್ಷರಿಗೆ ಶಾಲು ಹೊದಿಸಿ, ಹಾರ ಹಾಕಿ, ಅವರ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟ. ಯಾರ ಕಣ್ಣಿಗೂ ಅದು ಚುಚ್ಚಲಿಲ್ಲ. ಕಣ್ಣಿಡಬೇಕಾದವರೂ ಕಣ್ಣಿಡಿಸಿಕೊಳ್ಳಬೇಕಾದವನೂ ಒಂದೇ ತಟ್ಟೆಯ ಅವಲಕ್ಕಿಗೆ ಕೈ ಹಾಕಿದರು.

“ಮೊದಲನೇ ವಿಷಯ,” ರಾಯರು ಕನ್ನಡಕ ಏರಿಸಿದರು. “ಹುಡುಗ ಬಚ್ಚಲದಾಗ ಜಾರಿ ಬಿದ್ದಾನ. ನಮ್ಮ ಪದ್ಮಜಾ ಖುದ್ದ ಕೇಳಿ ಬಂದಾಳ. ಹೌದಲ್ಲವಾ?”

ಎಲ್ಲರೂ ತಿರುಗಿ ನೋಡಿದರು.

“ಇಕಿ ಬಾಯಿ ತೆಗೀಬೇಕಂದ್ರ ಪಂಚಾಂಗ ನೋಡಬೇಕು,” ಎಂದು ರಾಯರು ನಕ್ಕರು. ಸಭೆಯೂ ನಕ್ಕಿತು.

“ಭಾಳ ಸಣ್ಣ ದನಿ ಐತ್ರಿ ತಂಗ್ಯಾರದು,” ಬಸವಲಿಂಗ ಇನ್ನೊಂದು ತುತ್ತು ಅವಲಕ್ಕಿ ಬಾಯಿಗೆ ಹಾಕಿಕೊಂಡ.

ದೊಡ್ಡವರು ಏನೇ ಕೇಳಲಿ, ಪದ್ಮಜಾಳ ತಲೆ ತಾನಾಗಿ ಹೂಂ ಎಂದು ಅಲ್ಲಾಡುವುದು ಚಿಕ್ಕಂದಿನ ರೂಢಿ. ಈಗಲೂ ಅಲ್ಲಾಡಿಬಿಟ್ಟಿತು. “ಆತಲ್ಲ, ಮುಗೀತು,” ಎಂದರು ರಾಯರು. ಚಪ್ಪಾಳೆ ಬಿತ್ತು. ದೂರು ಇತ್ಯರ್ಥವಾಯಿತು.

ಹಿಂದಿನ ಸಾಲಿನಲ್ಲಿ ಮೆಹರುನಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು. ಜಗಳಕ್ಕೆ ನಿಂತವಳ ಹಾಗಿರಲಿಲ್ಲ. ಊರ ಬಸ್ಸಿಗೆ ಹೊರಟವಳ ಹಾಗಿದ್ದಳು.

“ಅಂವನ ಬಿದ್ದೇನಿ ಅಂದಿದ್ರ ಮುಗೀತ ಬಿಡ್ರಿ. ಸುಮ್ಮನ ಸಾಹೇಬ್ರ ಮ್ಯಾಲ ಸಂಶೆ ಪಟ್ಟೆ. ತಪ್ಪಾತ್ರಿ ನಂದು,” ಎಂದು ಬಸವಲಿಂಗನಿಗೆ ಕೈ ಮುಗಿದಳು. ಅವನು ಇರಲಿ ಇರಲಿ ಎನ್ನುವಂತೆ ಕೈ ಎತ್ತಿದ.

ಪದ್ಮಜಾ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವಳದನ್ನು ಎತ್ತಲಿಲ್ಲ.

“ಕಾಕಾ, ನಾ ಕೇಳಿದ್ದು ಹುಡುಗನ್ನ. ಬಿದ್ದಾನ ಅಂದವರು ಸಾಹೇಬ್ರು.”