ಇಸ್ತ್ರಿ ಹಾಕಿದ ಸಮುದ್ರ

ಒಂದಾನೊಂದು ಸಮುದ್ರದಲ್ಲಿ, ಝೌಶಾನ್ ದ್ವೀಪಗಳ ಆಚೆ, ಒಂದು ಹಡಗಿತ್ತು. ಹಡಗಿನಲ್ಲಿ ರುಯಿಲಾನ್ ಎಂಬ ಹುಡುಗಿಯಿದ್ದಳು. ಉಪಗ್ರಹದಿಂದ ಲೇಸರ್ ಬೆಳಕನ್ನು ಕಡಲಿಗಿಳಿಸಿ, ಅಲ್ಲಿ ಬೀಸುವ ಗಾಳಿಯ ವೇಗ ಹೇಳುತ್ತೇನೆಂದು ಅವಳು ಪ್ರೊಫೆಸರ್ ಛು ಅವರಿಗೆ ಮಾತು ಕೊಟ್ಟಿದ್ದಳು. ಕಥೆಯ ರಾಜಕುಮಾರಿಯರಿಗೆ ಮೂರು ಅವಕಾಶ ಸಿಗುತ್ತವೆ; ಇವಳಿಗೆ ಒಂದೇ. ಆ ಬೆಳಿಗ್ಗೆ ಉಪಗ್ರಹ ಹಡಗಿನ ನೆತ್ತಿಯ ಮೇಲೆ ಹಾದುಹೋಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಉತ್ತರ ಬಂತು. ಪ್ರೊಫೆಸರ್ ಪರದೆಯತ್ತ ಬಾಗಿದರು.

“ಗಾಳಿಯೇ ಇಲ್ಲ ಅಂತಿದೆಯಲ್ಲಮ್ಮ ನಿನ್ನ ಲೇಸರ್! ಬೆಳಿಗ್ಗೆ ನನ್ನ ಟೋಪಿ ತಾನಾಗೇ ಹಾರಿಹೋಯ್ತಾ? ನಾಳೆ ಚಂಡಮಾರುತ ಬಂದಾಗ ಇದನ್ನ ನಂಬಿ ದೋಣಿಗಳನ್ನ ಕಳಿಸೋದಾ? ಸಾಕು, ಇಲ್ಲಿಗೇ ಬಿಡೋಣ.”

ರುಯಿಲಾನ್ ಅಲುಗಲಿಲ್ಲ. ಗಾಳಿ ಬೀಸಿದರೆ ನೀರಿಗೆ ಸುಕ್ಕು ಬೀಳುತ್ತದೆ, ಬೆಳಕು ಚೆದುರುತ್ತದೆ, ಮೇಲಕ್ಕೆ ಮರಳುವುದು ಸ್ವಲ್ಪವೇ. ಇಲ್ಲಿ ಮಾತ್ರ ಕನ್ನಡಿಗೆ ಬಡಿದಂತೆ ಮರಳಿತ್ತು.

“ಲೇಸರ್ ಸುಳ್ಳು ಹೇಳಿಲ್ಲ ಮೇಷ್ಟ್ರೇ. ಹಡಗಿನ ಸುತ್ತ ನೀರಿನ ಸುಕ್ಕನ್ನ ಯಾರೋ ತೆಗೆದಿದ್ದಾರೆ.”

“ಯಾರು? ಕಡಲೊಳಗಿನ ಡ್ರ್ಯಾಗನ್ ರಾಜ ಇಸ್ತ್ರಿ ಹಾಕಿದ್ನಾ?”

ಬಾಗಿಲಲ್ಲಿ ಚಹಾ ಹೀರುತ್ತಿದ್ದ ಕ್ಯಾಪ್ಟನ್ ಪಾಂಗ್ ಕೆಮ್ಮಿದರು. “ನಾನೇ ಕಣಮ್ಮ. ಬೆಳಿಗ್ಗೆ ನೀನು ಕಂಬಿಯಿಂದಾಚೆ ಬಗ್ಗಿ ಅದೇನೋ ಅಳತೆಯ ಯಂತ್ರಾನ ನೀರಿಗೆ ಇಳಿಸ್ತಿದ್ದೆ. ಅಲೆ ಎಳ್ಕೊಂಡು ಹೋಗಿದ್ರೆ ನಿಮ್ಮಮ್ಮನಿಗೆ ನಾನೇನು ಹೇಳ್ಲಿ? ಒಂದು ಡಬ್ಬ ಸೋಯಾ ಎಣ್ಣೆ ಸುರಿದೆ. ನಮ್ಮಪ್ಪನೂ ಹಾಗೇ ಮಾಡ್ತಿದ್ದ. ನೀರು ತೆಪ್ಪಗಾಗುತ್ತೆ.”

“ಮಾಮಾ, ನಿಮ್ಮ ಎಣ್ಣೆ ಬಾಹ್ಯಾಕಾಶದಿಂದ ಕಂಡಿದೆ!”

ಪಾಂಗ್ ತಟ್ಟನೆ ಆಕಾಶ ನೋಡಿ, ಅಂಗಿಯ ಗುಂಡಿ ಹಾಕಿಕೊಂಡರು.

ಪ್ರೊಫೆಸರ್ ನಗಲಿಲ್ಲ. “ಎಣ್ಣೆ ಮೇಲೆ ತಪ್ಪು ಹಾಕೋದು ಸುಲಭ. ಎಣ್ಣೆ ಹರಡದ ಕಡೆ ನಿನ್ನ ಬೆಳಕು ಏನನ್ನುತ್ತೆ? ಆ ಹೊತ್ತಿಗೆ ನಮ್ಮ ಹಡಗಿನ ಕಂಬದ ಗಾಳಿ ಮಾಪಕ ತೋರಿಸಿದ ವೇಗ ನನ್ನ ತಲೇಲಿದೆ. ಹೇಳಲ್ಲ. ನೀನೇ ಹೇಳು.”

ರುಯಿಲಾನ್ ಎಣ್ಣೆ ಹಬ್ಬಿದ ಜಾಗವನ್ನೆಲ್ಲ ಲೆಕ್ಕದಿಂದ ತೆಗೆದಳು. ಅದರ ಆಚೆಗಿನ ಒರಟು ನೀರನ್ನಷ್ಟೇ ಉಳಿಸಿಕೊಂಡಳು. ಪರದೆಯ ಮೇಲೆ ಉತ್ತರ ಮೂಡಿತು. ಅವಳು ಎರಡನೆಯ ಸಲ ನೋಡಲಿಲ್ಲ.

“ಸೆಕೆಂಡಿಗೆ ಒಂಬತ್ತು ಮೀಟರ್.”

ಪ್ರೊಫೆಸರ್ ತಟ್ಟೆಯಿಂದ ದೊಡ್ಡದೊಂದು ಸಿಗಡಿ ಆರಿಸಿಕೊಂಡರು. ನಿಧಾನವಾಗಿ ಸಿಪ್ಪೆ ಬಿಡಿಸಿ ಅವಳ ಬಟ್ಟಲಿಗೆ ಹಾಕಿದರು.

“ತಿನ್ನು,” ಎಂದರು. “ಒಂಬತ್ತೇ.”