ಬಾಕಿ ಉಳಿದ ದ್ರೌಪದಿ

ಮತ ಕೇಳಲು ಬಂದ ಶಾಸಕರನ್ನು ಅಜ್ಜಿ "ದಾಸ್ರೇ" ಎಂದು ಕರೆದಳು. ಹಾಗೆ ಕರೆಸಿಕೊಂಡು ಅವರಿಗೆ ಹತ್ತು ವರ್ಷವಾಗಿತ್ತು.

"ವೋಟು ನಿಮ್ಗೇ ಹಾಕ್ತೀವಿ. ಆದ್ರೆ ನಮ್ಮೂರ ಹರಿಕಥೆ ಬಾಕಿ ಐತೆ. ಟಿಕೆಟ್ ಸಿಕ್ತು ಅಂತ ಕಾರು ಬಂತು, ನೀವು ಅರ್ಧಕ್ಕೇ ಎದ್ದೋದ್ರಿ. ದ್ರೌಪದಿ ಆಗ ತಾನೆ ಎರಡೂ ಕೈ ಎತ್ತಿದ್ಲು. ಕೃಷ್ಣ ಬರ್ಲೇ ಇಲ್ಲ."

ಸುತ್ತಲಿದ್ದವರು ನಕ್ಕರು. ದಾಸರಿಗೆ ಮಾತ್ರ ಚುಚ್ಚಿತು. ಮಂಗಳ ಹಾಡದೆ ಎಂದೂ ಏಳುವುದಿಲ್ಲವೆಂದು ಗುರುಗಳಿಗೆ ಮಾತು ಕೊಟ್ಟಿದ್ದವರು ಅವರು.

"ಈಗ್ಲೇ ಮುಗಿಸಿಕೊಡ್ತೀನಮ್ಮ," ಎಂದು ಜಗಲಿ ಹತ್ತಿ ನಿಂತರು. ಚುನಾವಣೆ ಬಂದಾಗಲೆಲ್ಲ ಅವರ ತಾಳ ಕಾರಿನಲ್ಲೇ ಇರುತ್ತಿತ್ತು. ಪ್ರಚಾರಕ್ಕೆ ಜೊತೆಗೆ ಬಂದಿದ್ದ ಅವರ ಮಗ ಅದನ್ನು ತಂದು, ಹಿಂದೆ ನಿಂತು ಬಾರಿಸತೊಡಗಿದ. ದ್ರೌಪದಿ ಕೃಷ್ಣನನ್ನು ಕೂಗುವ ಕಡೆ ದಾಸರು ತಾವೇ ಎರಡೂ ಕೈ ಎತ್ತಿ ಹಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು.

"ಅಷ್ಟು ಸಾಕು ದಾಸ್ರೇ," ಎಂದಳು ಅಜ್ಜಿ.

ಹಾಡು ನಿಂತಿತು. ತಾಳ ಮೆಲ್ಲಗೆ ನಡೆದೇ ಇತ್ತು.

"ಕೃಷ್ಣನ್ನ ಕರೀಬೇಡಿ. ಹೋದ ವರ್ಷ ಬಸ್‌ಸ್ಟ್ಯಾಂಡಲ್ಲಿ ನನ್ನ ಮೊಮ್ಮಗಳ ವೇಲು ಎಳೆದಾಗ ಅವಳೂ ಹಿಂಗೇ ಕೂಗಿದ್ಲು. ಯಾರೂ ಬರ್ಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ನಿಮ್ಮ ಫೋನು ಬಂತು. ಅವಳು ಬರೆದುಕೊಟ್ಟ ಕಂಪ್ಲೇಂಟನ್ನ ಅವಳ ಕಣ್ಣೆದುರೇ ಹರಿದು ಹಾಕಿದ್ರು."

"ಎಳೆದೋನು ಯಾರಜ್ಜಿ?" ಗುಂಪಿನಲ್ಲಿ ಯಾರೋ ಕೇಳಿದರು.

ಅಜ್ಜಿಯ ಕಣ್ಣು ದಾಸರನ್ನು ದಾಟಿ ಹಿಂದಕ್ಕೆ ಹೋಯಿತು. ದಾಸರು ತಲೆ ಎತ್ತಲಿಲ್ಲ. ಅವರ ಬೆನ್ನ ಹಿಂದೆ ಮಗನ ತಾಳ ನಿಂತುಹೋಯಿತು.