ಡಬ್ಬಿಯೊಳಗಿನ ಮಲ್ಲಿಗೆ

ಸೊಸೆಯ ಊಟದ ಡಬ್ಬಿ ತೊಳೆಯೋಣವೆಂದು ಮುಚ್ಚಳ ತೆಗೆದ ಮರಿತಾಯಮ್ಮನ ಮೂಗಿಗೆ ಬಡಿದದ್ದು ಸೊಪ್ಪಿನ ಸಾರಿನ ವಾಸನೆಯಲ್ಲ, ಮಲ್ಲಿಗೆಯ ವಾಸನೆ. ಬಾಳೆಎಲೆಯ ತುಂಡಿನಲ್ಲಿ ಸುತ್ತಿದ್ದ ಒಂದು ಮೊಳ ಹೂವು. ಇನ್ನೂ ಬಾಡಿರಲಿಲ್ಲ. ಸೋಮನಹಳ್ಳಿಯ ಗಾರ್ಮೆಂಟ್ಸ್ ಕೆಲಸ ಮುಗಿಸಿ ಆಗಷ್ಟೇ ವ್ಯಾನ್ ಇಳಿದು ಬಂದಿದ್ದ ಶಶಿರೇಖಾ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಳು.

ಆ ಮನೆಗೆ ಹೂವು ಬಂದು ಎಷ್ಟೋ ಕಾಲವಾಗಿತ್ತು. ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ಮರಿತಾಯಮ್ಮ ಕಿವಿಯ ಓಲೆಯನ್ನೂ ಮುಡಿಯ ಹೂವನ್ನೂ ಬಿಟ್ಟವಳು. ಅವರ ಕ್ರೈಸ್ತ ಸಭೆಯಲ್ಲಿ ಹೆಂಗಸರು ಹೂ ಮುಡಿಯುವ ಹಾಗಿಲ್ಲ. ಗೊತ್ತಿಲ್ಲದೆ ಮುಡಿದು ಬಂದ ಹೊಸಬರು ಬಾಗಿಲಲ್ಲಿಟ್ಟ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ ಒಳಗೆ ಹೋಗಬೇಕು. ಭಾನುವಾರ ಭಾನುವಾರ ಆ ಬುಟ್ಟಿಯ ಪಕ್ಕ ಕೂರುವವಳು ಮರಿತಾಯಮ್ಮನೇ. ಅನುಮಾನ ಬಂದರೆ ಸೆರಗು ಸರಿಸಿ ತಲೆ ತಡಕಿ ನೋಡುವವಳು. ಅವಳ ಕಣ್ಣು ತಪ್ಪಿಸಿ ಒಂದು ಮೊಗ್ಗೂ ಒಳಗೆ ಹೋದದ್ದಿಲ್ಲ. ಅಂಥವಳ ಮನೆಯ ಡಬ್ಬಿಯಲ್ಲೇ ಮಲ್ಲಿಗೆ!

“ಏನಮ್ಮಿ ಇದು?”

ಒದ್ದೆ ಕಾಲಲ್ಲಿ ಒಳಗೆ ಬಂದ ಶಶಿರೇಖಾ ಅಲ್ಲೇ ನಿಂತಳು. “ಊವ, ಅತ್ತೆ.”

“ಊವ ಅಂತ ನಂಗೂ ಕಾಣ್ತದೆ. ಮುಡ್ಕಂಡಿದ್ಯಾ?”

“ಇಲ್ಲ.”

“ದ್ಯಾವ್ರ ಮುಂದೆ ನಿಂತಂಗೆ ಯೋಳು.”

“ಇಲ್ಲ ಅತ್ತೆ. ಡಬ್ಬೀಲೇ ಇತ್ತು.”

ಮರಿತಾಯಮ್ಮ ಸೊಸೆಯನ್ನು ಹಿಂದಕ್ಕೆ ತಿರುಗಿಸಿ ಜಡೆ ಎತ್ತಿ ನೋಡಿದಳು, ಮೂಸಿಯೂ ನೋಡಿದಳು. ಬರೀ ಕೊಬ್ಬರಿ ಎಣ್ಣೆ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟಳು.

“ಸದ್ಯ ಬುಡು. ಬುಟ್ಟಿ ಇಟ್ಕಂಡು ಕೂರೋಳ ಸೊಸೆನೇ ಊವ ಮುಡುದ್ಲು ಅಂದ್ರೆ ಪಾಸ್ಟ್ರ ಮುಂದೆ ನಾನೆಂಗೆ ತಲೆ ಎತ್ಲಿ?”

ಹೂವನ್ನು ಎಲೆಯ ಸಮೇತ ತಿಪ್ಪೆಗೆ ಎಸೆದು ಬಂದು ಬೂದಿ ಹಾಕಿ ಡಬ್ಬಿ ತಿಕ್ಕಲು ಕೂತಳು. ಅವಳ ಮಟ್ಟಿಗೆ ವಿಚಾರಣೆ ಮುಗಿಯಿತು ನೋಡಿ.

ಶಶಿರೇಖಾಳಿಗೆ ಮುಗಿಯಲಿಲ್ಲ. ಜೊತೆಯವಳ ಹುಟ್ಟುಹಬ್ಬ, ಎಲ್ಲರಿಗೂ ಹಂಚಿದಳು ಎಂಬ ಸುಳ್ಳನ್ನು ಅವಳು ವ್ಯಾನಿನಲ್ಲೇ ಕಟ್ಟಿಕೊಂಡು ಬಂದಿದ್ದಳು. ಅದು ಬೇಕಾಗಲೇ ಇಲ್ಲ. ಹೂವು ಕೊಟ್ಟವನು ಲೈನ್ ಸೂಪರ್‌ವೈಸರ್ ರಘುನಂದನ್. ಮದ್ದೂರಿನಲ್ಲಿ ಅವನಿಗೆ ಹೆಂಡತಿ ಇದ್ದಾಳೆ, ಮಗುವಿದೆ. “ಭಾನುವಾರ ವೈದ್ಯನಾಥಪುರದ ಹೊಳೆ ಹತ್ರ ಬಾ, ಫ್ಯಾಕ್ಟ್ರೀಲಿ ಓಟಿ ಇದೆ ಅಂತ ಮನೇಲಿ ಹೇಳು” ಎಂದು ನಿನ್ನೆಯೇ ಅಂದಿದ್ದ. ಅವಳು ಆಗಲಿ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಇವತ್ತು ಹೂವು ತೆಗೆದುಕೊಂಡಳು. ಗಂಡ ಸಿದ್ದೇಶ್ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದ ಕಡೆ ಹೋದವನು ಫೋನ್ ಮಾಡಿದರೆ ಹಸು ಹಾಲು ಕೊಡುತ್ತಿದೆಯಾ, ಅವ್ವ ಬಿಪಿ ಮಾತ್ರೆ ನುಂಗುತ್ತಿದ್ದಾಳಾ ಎಂದು ಕೇಳುತ್ತಾನೆ. ರಘುನಂದನ್ ಕೇಳುವುದು “ಊಟ ಮಾಡ್ದಾ?” ಅಂತ, ಅಷ್ಟೇ. ಆ ಒಂದು ಮಾತಿಗೆ ಅವಳು ಹಸಿದಿದ್ದಳು. ಈ ದಿನ ಬೆಳಿಗ್ಗೆ ಮೊಣಕಾಲೂರಿ, ಶೋಧನೆಗೆ, ಪಾಪದ ಸೆಳೆತಕ್ಕೆ, ಬೀಳದ ಹಾಗೆ ಕಾಪಾಡಪ್ಪಾ ಎಂದು ಬೇಡಿಕೊಂಡು ಎದ್ದವಳು, ನಾಳೆಗೆ ಯಾವ ಸೀರೆ ಎಂದು ಬೀರು ತೆಗೆದು ನೋಡಿದ್ದಳು. ತನ್ನ ಬಗ್ಗೆ ಅವಳಿಗೇ ಹೇಸಿಗೆಯಾಯಿತು. ಆದರೂ ಹೋಗುವ ಆಸೆ ಹೋಗಲಿಲ್ಲ.

“ನಾಳೆ ಬಿರ್ನೆ ಏಳಮ್ಮಿ, ಸಭೆಗೆ ಒತ್ತಾಯ್ತದೆ” ಎಂದಳು ಮರಿತಾಯಮ್ಮ.

“ನಾಳೆ...”

ಓಟಿ ಎಂಬ ಮಾತು ಶಶಿರೇಖಾಳ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿದರೆ ಅತ್ತೆ ನಂಬುತ್ತಾಳೆ. ಭಾನುವಾರವೂ ದುಡಿಸುತ್ತಾರಲ್ಲ ಎಂದು ಗಾರ್ಮೆಂಟ್ಸಿನವರನ್ನು ಬೈದು, ಇದೇ ಡಬ್ಬಿಗೆ ಬಿಸಿ ಊಟ ತುಂಬಿ, ಹುಷಾರಾಗಿ ಹೋಗಿ ಬಾ ಎಂದು ಕಳಿಸುತ್ತಾಳೆ. ಅಡ್ಡ ಬರುವವರು ಒಬ್ಬರೂ ಇರುವುದಿಲ್ಲ. ಅದನ್ನು ನೆನೆದಾಗ ಅವಳಿಗೆ ನಿಜವಾಗಿ ಭಯವಾಯಿತು.

“ಏನಮ್ಮಿ ನಾಳೆ?”

ಶಶಿರೇಖಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅತ್ತೆ, ಮುಡ್ಕಂಡ್ಯಾ ಅಂತ ಕೇಳುದ್ರಿ. ಯಾರು ಕೊಟ್ರು ಅಂತ ಕೇಳ್ನಿಲ್ಲ.”

ಡಬ್ಬಿ ತಿಕ್ಕುತ್ತಿದ್ದ ಕೈ ನಿಂತಿತು.

“ಕೇಳಿ ಅತ್ತೆ. ನೀವು ಈಗ ಕೇಳ್ದೆ ಇದ್ರೆ ನಾಳೆ ನಾನು ಓಯ್ತೀನಿ.”

ಎಲ್ಲಿಗೆ ಎಂದು ಮರಿತಾಯಮ್ಮ ಕೇಳಲಿಲ್ಲ. ಸೊಸೆಯ ಮುಖ ನೋಡಿದರೆ ಸಾಕಿತ್ತು. ಹಾಲಿಗೆ ಹೋದವರು, ನೀರಿಗೆ ಹೋದವರು ಬೀದಿಯಲ್ಲಿ ಮಾತಾಡುತ್ತಿದ್ದರು. ಅವಳು ಮೊದಲು ಎದ್ದು ಹೋಗಿ ಬೀದಿಬಾಗಿಲು ಮುಚ್ಚಿದಳು. ಪಾಸ್ಟರು, ಮಾನ, ಮಗ, ಎಲ್ಲ ಒಟ್ಟಿಗೆ ನೆನಪಾದವು. ಬೈಯಬೇಕೆಂದೇ ಸೊಸೆಯ ಹತ್ತಿರ ಬಂದಳು. ಎಷ್ಟೋ ಹೆಂಗಸರ ತಲೆ ತಡಕಿದ ಆ ಕೈಗಳು ಈಗ ಎಲ್ಲಿ ತಡಕಬೇಕೆಂದು ತಿಳಿಯದೆ, ಬೂದಿ ಮೆತ್ತಿದ ಹಾಗೆಯೇ, ಸೊಸೆಯ ಎರಡೂ ಕೈಗಳನ್ನು ಹಿಡಿದುಕೊಂಡವು.

“ಯಾರಮ್ಮಿ ಕೊಟ್ಟಿದ್ದು?”